ಉಲ್ಟಾ ಅಕ್ಕ ಮನೆ ನೋಡಿದ್ದು

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಅಂಚೆಯವನೊಬ್ಬನಿಗೆ ಮಾತ್ರ ಗೊತ್ತಿತ್ತು. ಅವನೂ ಅದನ್ನು ಬಳಸುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಉಲ್ಟಾ ಅಕ್ಕ. ಬಟ್ಟೆ ರಿಪೇರಿ ಅವಳ ಕಸುಬು. ಹೊಸದೇನನ್ನೂ ಹೊಲಿಯುತ್ತಿರಲಿಲ್ಲ, ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಹರಿದದ್ದು ಹರಿದೇ ಇಲ್ಲವೇನೋ ಎಂಬಂತೆ ಮಾಡಿ ಕೊಡುವುದು. ಯಾರು ಕೋಟು ತಂದರೂ ಮೊದಲು ಅದರ ಒಳಮೈಯನ್ನು ಹೊರಗೆ ಮಾಡಿ ಮೇಜಿನ ಮೇಲೆ ಹರಡುತ್ತಿದ್ದಳು. ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಓಡಿಸುತ್ತಿದ್ದಳು. ಆಮೇಲೇ ಆಗುತ್ತದೋ ಇಲ್ಲವೋ ಎಂಬ ಮಾತು. ಅವಸರದಲ್ಲಿದ್ದ ಗಿರಾಕಿ ಗೊಣಗಿದರೆ, ಹಾಗಾದರೆ ಅವಸರದವರ ಅಂಗಡಿಗೆ ಹೋಗಿ ಎಂದು ಕಡ್ಡಿ ಮುರಿದಂತೆ ಹೇಳಿ ಕನ್ನಡಕ ಏರಿಸುತ್ತಿದ್ದಳು. ಗಿರಾಕಿ ಹೋಗುತ್ತಿರಲಿಲ್ಲ.

ವಯಸ್ಸು ಐವತ್ತೆರಡು. ಮದುವೆ ಎಂಬುದು ಆಗಿತ್ತು, ಮೂರೇ ವರ್ಷಕ್ಕೆ ಮುಗಿದೂ ಹೋಗಿತ್ತು. ಯಾಕೆ ಎಂದು ಕೇಳಿದವರಿಗೆ ಅಳತೆ ಸರಿಹೋಗಲಿಲ್ಲ ಎನ್ನುತ್ತಿದ್ದಳು. ಅಲ್ಲಿಂದ ಇಲ್ಲಿಯವರೆಗೆ ಬಾಡಿಗೆ ಕೋಣೆಗಳೇ; ಅದೇ ಮನೆ, ಅದೇ ಅಂಗಡಿ. ಆರು ಸಲ ಮನೆ ಬದಲಾಯಿಸಿದ್ದಳು. ಆರು ಸಲವೂ ಆ ಕಬ್ಬಿಣದ ಹೊಲಿಗೆ ಯಂತ್ರವನ್ನು ಮೆಟ್ಟಿಲು ಇಳಿಸಿ, ಇನ್ನೊಂದು ಮೆಟ್ಟಿಲು ಹತ್ತಿಸಿದವನು ಅವಳ ಅಣ್ಣ. ಈಗ ಅವಳಿಗೆ ಬೇಕಾಗಿದ್ದದ್ದು ಒಂದೇ. ಇನ್ನು ಯಾರೂ ಖಾಲಿ ಮಾಡು ಎನ್ನಲಾಗದ ಒಂದು ಮನೆ, ಅದರ ಮುಂದಿನ ಕೋಣೆಯ ಕಿಟಕಿಯಲ್ಲಿ ಆ ಯಂತ್ರ. ಈ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಅಣ್ಣ ಗಾರೆ ಮೇಸ್ತ್ರಿ. ಅಪ್ಪ ಹೋದಾಗ ಅವನಿಗೆ ಹದಿನೇಳು, ಅವಳಿಗೆ ಒಂಬತ್ತು. ಪುಸ್ತಕ ಕೆಳಗಿಟ್ಟು ಕರಣೆ ಹಿಡಿದವನು ಅದನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಆ ಹೊಲಿಗೆ ಯಂತ್ರವೂ ಅವನ ದುಡಿಮೆಯದೇ. ಬೀದಿಯ ತಿರುವಿನಲ್ಲಿರುವ ಔಷಧಿ ಅಂಗಡಿಯ ಯಜಮಾನರ ಮನೆ ಮಾರಾಟಕ್ಕಿದೆ ಎಂಬ ಸುದ್ದಿಯನ್ನು ತಂದವನೂ ಅವನೇ. ಮಹಡಿ ಮನೆ, ಕೆಳಗೆ ದೊಡ್ಡ ಹಜಾರ, ಬೀದಿಗೆ ಮುಖ ಮಾಡಿದ ಕೋಣೆ, ಬೆಳಗಿನಿಂದ ಸಂಜೆಯವರೆಗೆ ದೀಪವಿಲ್ಲದೆ ಸೂಜಿಗೆ ದಾರ ಪೋಣಿಸುವಷ್ಟು ಬೆಳಕು. ಹನ್ನೊಂದು ವರ್ಷದ ಹಿಂದೆ ಆ ಮನೆಯಲ್ಲಿ ತಾನೇ ಕೆಲಸ ಮಾಡಿದ್ದಾಗಿಯೂ, ಮನೆ ಕಲ್ಲಿನ ಹಾಗಿದೆಯೆಂದೂ, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಬಹುದೆಂದೂ ಅಣ್ಣ ಹೇಳಿದ.

ಕಣ್ಣು ಮುಚ್ಚಿಕೊಂಡು ಒಂದು ಗುಂಡಿಯನ್ನೂ ಹಚ್ಚದವಳ ಮುಂದೆ ಆಡುವ ಮಾತೇ ಅದು?

ಕಟ್ಟಡ ಪರೀಕ್ಷೆ ಮಾಡುವ ಇಂಜಿನಿಯರ್ ಒಬ್ಬರನ್ನು ಕರೆಸುತ್ತೇನೆ, ಅಡಿಪಾಯದಿಂದ ಸೂರಿನವರೆಗೆ ನೋಡಿ ಬರೆದು ಕೊಡಲಿ, ಆಮೇಲೆ ಮುಂದಿನ ಮಾತು ಎಂದಳು. ಅಣ್ಣನ ಮುಖ ಗಂಟಾಯಿತು.

"ನಲವತ್ತಮೂರು ವರ್ಷದಿಂದ ಗೋಡೆ ಕಟ್ತಿರೋ ಕೈ ಇದು. ನಾನು ಚೆನ್ನಾಗಿದೆ ಅಂದ್ಮೇಲೂ ಇನ್ನೊಬ್ರನ್ನ ಕೇಳ್ತೀಯಾ?"

"ನೀನು ಹೊಲಿಸಿಕೊಂಡ ಕೋಟು ತಂದ್ರೂ ನಾನು ತಿರುಗಿಸಿ ನೋಡ್ತೀನಲ್ಲ ಅಣ್ಣ. ನಿನ್ನ ಮೇಲೆ ಅನುಮಾನಾನಾ ಅದು?"

ಅನುಮಾನವಲ್ಲದೆ ಮತ್ತೇನು ಎಂದು ಅವನು ಎದ್ದು ಹೋದ. ಒಂದು ವಾರ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಅತ್ತಿಗೆ ಬಂದು, ಸಾಕಿ ಬೆಳೆಸಿದವನಿಗೆ ಹೀಗಾ ಮಾಡೋದು ಎಂದು ಕಣ್ಣು ಒರೆಸಿಕೊಂಡಳು. ಉಲ್ಟಾ ಅಕ್ಕನಿಗೂ ಆ ಮಾತು ನಾಟಿತು. ಆದರೆ ತಲೆ ಕೆಳಗಾದರೂ ಹಿಡಿದ ಪಟ್ಟು ಬಿಡುವ ಪೈಕಿ ಅಲ್ಲ ಅವಳು. ಅತ್ತಿಗೆಗೆ ಚಹಾ ಕೊಟ್ಟಳು, ಇಂಜಿನಿಯರಿಗೆ ಫೋನು ಮಾಡಿದಳು.

ಯಜಮಾನರಿಗೂ ಈ ಸುದ್ದಿ ರುಚಿಸಲಿಲ್ಲ. ಐವತ್ತು ವರ್ಷ ಮಾತ್ರೆ ಮಾರಿದ ಮನುಷ್ಯ. ಏನು ಹೇಳಿದರೂ ದಿನಕ್ಕೆ ಎರಡು ಸಲ, ಊಟದ ನಂತರ ಎಂದಂತೆಯೇ ಕೇಳುತ್ತಿತ್ತು.

"ಮನೆ ಕೊಳ್ಳೋಕೆ ಬಂದಿದೀಯೋ, ಪೋಸ್ಟ್‌ಮಾರ್ಟಂ ಮಾಡ್ಸೋಕೆ ಬಂದಿದೀಯೋ?"

"ಪೋಸ್ಟ್‌ಮಾರ್ಟಂ ಸತ್ತ ಮೇಲೆ ಮಾಡ್ಸೋದು ಸಾರ್. ಅದಕ್ಕೇ ಮುಂಚೆ ಬಂದಿದೀನಿ," ಎಂದಳು ಅವಳು.

ಇಂಜಿನಿಯರಮ್ಮ ಬಂದಳು. ಮೂವತ್ತು ದಾಟಿರದ ಹೆಣ್ಣು, ಬೆನ್ನಿಗೊಂದು ಚೀಲ. ಚೀಲದಿಂದ ಬ್ಯಾಟರಿ, ಸಣ್ಣ ಸುತ್ತಿಗೆ, ಗೋಡೆಯ ತೇವ ಅಳೆಯುವ ಎರಡು ಮುಳ್ಳಿನ ಯಂತ್ರ, ಕೊನೆಗೆ ಮಕ್ಕಳು ಆಡುವ ಒಂದು ಗಾಜಿನ ಗೋಲಿ ಹೊರಬಂದವು. ಆ ಗೋಲಿಯನ್ನು ನೋಡಿ ಬಾಗಿಲ ಬಳಿ ಮುಖ ಊದಿಸಿಕೊಂಡು ನಿಂತಿದ್ದ ಅಣ್ಣ ಮೂಗು ಮುರಿದ. ಬರುವುದಿಲ್ಲ ಎಂದವನು ಬಂದಿದ್ದ. ತನ್ನ ಕೆಲಸದ ಮೇಲೆ ಬೇರೆಯವರು ಸುತ್ತಿಗೆ ಆಡಿಸುವಾಗ ಮನೆಯಲ್ಲಿ ಕೂತಿರುವುದು ಅವನಿಂದ ಆಗಲಿಲ್ಲ.

ಅರ್ಧ ದಿನ ಹಿಡಿಯಿತು. ಇಂಜಿನಿಯರಮ್ಮ ಸೂರಿಗೆ ಹತ್ತಿದಳು, ಚರಂಡಿಗೆ ಬಗ್ಗಿದಳು, ಅಡುಗೆಮನೆಯ ಸಿಂಕಿನ ಹಿಂದೆ ತೇವ ಇದೆ ಎಂದು ಬರೆದುಕೊಂಡಳು, ಎರಡು ಕಡೆ ವೈರು ಹಳೆಯದಾಗಿದೆ ಎಂದಳು. ಉಲ್ಟಾ ಅಕ್ಕ ಅವಳ ಹಿಂದೆಯೇ ಹೆಜ್ಜೆ ಹೆಜ್ಜೆಗೂ ಇದ್ದಳು. ಇವೆಲ್ಲ ಗುಂಡಿ ಬಿದ್ದಷ್ಟೇ, ಹಚ್ಚಿದರಾಯಿತು ಎಂದು ಒಳಗೊಳಗೇ ಹಿಗ್ಗುತ್ತಿದ್ದಳು. ಮುಂದಿನ ಕೋಣೆಯ ಕಿಟಕಿಯ ಹತ್ತಿರ ಹೋದಾಗ ಯಂತ್ರ ಇಡುವ ಜಾಗವನ್ನು ಕಾಲಿನಿಂದಲೇ ಅಳೆದೂ ಬಿಟ್ಟಳು.

ಮಹಡಿಯ ದೊಡ್ಡ ಕೋಣೆಯಲ್ಲಿ ಇಂಜಿನಿಯರಮ್ಮ ಗೋಲಿಯನ್ನು ಕಿಟಕಿಯ ಪಕ್ಕ ನೆಲಕ್ಕಿಟ್ಟಳು. ಗೋಲಿ ಒಂದು ಕ್ಷಣ ಯೋಚಿಸಿತು, ಆಮೇಲೆ ಕೋಣೆಯ ನಡುವಿಗೆ ಉರುಳಿಹೋಯಿತು. ಎದುರು ಮೂಲೆಯಲ್ಲಿಟ್ಟಳು; ಅಲ್ಲಿಂದಲೂ ನಡುವಿಗೇ ಬಂತು. ಬಾಗಿಲಿನ ಬುಡ ನೋಡಿದಳು, ಬಾಗಿಲು ಸಿಕ್ಕಿಕೊಳ್ಳದಿರಲೆಂದು ಯಾರೋ ಉಜ್ಜುಗೊರಡಿನಿಂದ ಹೆರೆದಿದ್ದರು. ಕೆಳಗಿಳಿದು ಹಜಾರದ ಚಾವಣಿಯನ್ನು ನೋಡಿದರೆ, ಅದಕ್ಕೆ ನುಣ್ಣನೆಯ ಸುಳ್ಳು ಚಾವಣಿ ಹೊದಿಸಿತ್ತು. ಒಂದು ಚೌಕ ಬಿಚ್ಚಿ ಒಳಗಿನ ಮರದ ತೊಲೆಗಳನ್ನು ನೋಡಬೇಕು ಎಂದಳು. ಯಜಮಾನರು ಸುತರಾಂ ಒಪ್ಪಲಿಲ್ಲ.

ಹಳೇ ಮನೆ ಅಂದಮೇಲೆ ನೆಲ ಚೂರು ತಗ್ಗಿರುತ್ತದೆ, ತಾನು ಕೊಂಡಾಗಲೇ ಹಾಗಿತ್ತು, ಇಳಿಯುವಷ್ಟು ಇಳಿದು ಎಂದೋ ನಿಂತುಬಿಟ್ಟಿದೆ ಎಂಬುದು ಅವರ ವಾದ. ಇಂಜಿನಿಯರಮ್ಮ ಪ್ರಾಮಾಣಿಕಳು. ಅದು ನಿಂತಿದೆಯೋ ಇನ್ನೂ ಇಳಿಯುತ್ತಿದೆಯೋ ಒಂದೇ ದಿನದಲ್ಲಿ ಹೇಳಲಾಗದು, ಗೋಡೆಯ ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ, ಅದು ಸೀಳುತ್ತದೆಯೇ ಎಂದು ಕೆಲವು ತಿಂಗಳು ಕಾಯಬೇಕು ಎಂದಳು. ಯಜಮಾನರು ನಕ್ಕರು. ಅಷ್ಟು ದಿನ ಕಾಯಲು ತಾನೇನು ಮೊಟ್ಟೆಗೆ ಕಾವು ಕೊಡುತ್ತಿಲ್ಲ, ಬೇರೆಯವರೂ ಕೇಳುತ್ತಿದ್ದಾರೆ ಎಂದರು.

ಎಲ್ಲರೂ ಮತ್ತೆ ಮಹಡಿಗೆ ಬಂದಿದ್ದರು. ಆ ದೊಡ್ಡ ಕೋಣೆಯನ್ನು ಎರಡು ಮಾಡಲು ಸೂರಿನಿಂದ ನೆಲದವರೆಗೆ ಒಂದು ದಪ್ಪನೆಯ ಪರದೆ ಇಳಿಬಿಟ್ಟಿದ್ದರು. ಕಿಟಕಿಯ ಗೋಡೆಯಿಂದ ಶುರುವಾಗಿ ಕೋಣೆಯ ನಡುವಿನವರೆಗೆ. ಉಲ್ಟಾ ಅಕ್ಕನಿಗೆ ಇಂಜಿನಿಯರಿಂಗ್ ಬರುತ್ತಿರಲಿಲ್ಲ. ಆದರೆ ನೆಲಕ್ಕೆ ಮುಟ್ಟಿಯೂ ಮುಟ್ಟದ ಪರದೆಯ ಮುಂದೆ ನಿಂತಾಗ ಅವಳ ಕೈ ಸುಮ್ಮನಿರುತ್ತದೆಯೇ? ಬಗ್ಗಿದಳು, ಅಂಚು ಹಿಡಿದು ತಿರುಗಿಸಿದಳು.

ಒಳಗಡೆ ಹಳೆಯ ಹೊಲಿಗೆಯ ಸೂಜಿ ತೂತುಗಳ ಸಾಲು. ಒಂದಲ್ಲ, ಎರಡು ಸಾಲು, ಮತ್ತೆ ಈಗಿನ ಹೊಲಿಗೆ ಬೇರೆ. ಅಂಚಿನ ಮಡಿಕೆಯನ್ನು ಎರಡು ಸಲ ಬಿಚ್ಚಿ ಪರದೆ ಉದ್ದ ಮಾಡಿದ್ದರು. ಗೋಡೆಯ ಕಡೆ ಎಲ್ಲ ಸಾಲೂ ಒಂದೇ ಜಾಗದಲ್ಲಿದ್ದವು. ನಡುವಿನ ತುದಿಯಲ್ಲಿ ಒಂದಕ್ಕೊಂದು ಬೆರಳಗಲ ದೂರ. ನೆಲ ಇಳಿದಂತೆಲ್ಲ ಪರದೆ ನೆಲವನ್ನು ಹಿಂಬಾಲಿಸಿತ್ತು. ಕೊನೆಯ ಹೊಲಿಗೆಯ ದಾರ ಇನ್ನೂ ಹೊಳಪು ಬಿಟ್ಟಿರಲಿಲ್ಲ. ಅದರ ತುದಿಯಲ್ಲಿ ಮೂರು ಸಲ ಹಿಂದಕ್ಕೆ ಹೊಲಿದು ಗಂಟು ಹಾಕಿತ್ತು. ಅವಳ ಹೆಬ್ಬೆರಳು ಆ ಗಂಟಿನ ಮೇಲೆ ನಿಂತಿತು.

"ಇದು ನನ್ನ ಕೈ," ಎಂದಳು.

ನೆನಪಾಯಿತು. ಹೋದ ವರ್ಷ ಯಜಮಾನರ ಮನೆಯಿಂದ ಕೆಲಸದವಳು ಈ ಪರದೆ ತಂದಿದ್ದಳು, ಒಂದು ಕಡೆ ಮಾತ್ರ ಉದ್ದ ಮಾಡಬೇಕಂತೆ ಎಂದಿದ್ದಳು. ಉಲ್ಟಾ ಅಕ್ಕ ಎಂದಿನಂತೆ ತಿರುಗಿಸಿ ನೋಡಿದ್ದಳು, ಹಳೆಯ ಸಾಲುಗಳನ್ನು ಕಂಡಿದ್ದಳು, ಅಗ್ಗದ ಬಟ್ಟೆ ತಂದು ಒಗೆದು ಒಗೆದು ಕುಗ್ಗಿಸಿಕೊಂಡಿದ್ದಾರೆ, ಜಿಪುಣರು ಎಂದು ನಕ್ಕಿದ್ದಳು. ಆಮೇಲೆ ಕೊಟ್ಟ ಅಳತೆಗೆ ಹೊಲಿದು ಕಳಿಸಿದ್ದಳು. ಬಟ್ಟೆ ಒಂದೇ ಕಡೆ ಯಾಕೆ ಕುಗ್ಗುತ್ತದೆ ಎಂದು ಅವಳ ತಲೆಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಬೀದಿಯ ಬಟ್ಟೆಗಳನ್ನೆಲ್ಲ ಒಳಹೊರಗು ಮಾಡಿದವಳಿಗೆ ನಾಚಿಕೆ ಮುಖಕ್ಕೆ ಹತ್ತಿತು. ಆದರೂ ಬಾಯಿಗೆ ಬೀಗ ಹಾಕಿಕೊಳ್ಳಲಿಲ್ಲ. ಎಲ್ಲವನ್ನೂ ಹಾಗೇ ಇಂಜಿನಿಯರಮ್ಮನಿಗೆ ಹೇಳಿದಳು, ಹೋದ ವರ್ಷದಿಂದ ಈಚೆಗೂ ನೆಲ ಎಷ್ಟು ಇಳಿದಿದೆ ಎಂಬುದನ್ನು ಅಂಚಿನ ಕೆಳಗೆ ಬೆರಳು ತೂರಿಸಿ ತೋರಿಸಿದಳು. ಇಂಜಿನಿಯರಮ್ಮ ಮಂಡಿಯೂರಿ ಆ ಮೂರು ಸಾಲುಗಳ ಫೋಟೋ ತೆಗೆದಳು. ಕೆಳಗಿನ ಹಜಾರದಲ್ಲಿ, ಸರಿಯಾಗಿ ಇದರ ಕೆಳಗೆ, ಎಂದಾದರೂ ಗೋಡೆ ಇತ್ತೇ ಎಂದು ಕೇಳಿದಳು.

ಯಜಮಾನರು ಕಿಟಕಿಯ ಆಚೆ ನೋಡಿದರು. ಬಾಗಿಲ ಬಳಿಯಿಂದ ಅಣ್ಣನ ದನಿ ಬಂತು.

"ಇತ್ತು. ನಾನೇ ಒಡೆದದ್ದು."

ಹಜಾರ ದೊಡ್ಡದಾಗಬೇಕು ಎಂದು ಯಜಮಾನರು ಹೇಳಿದ್ದರು. ಗೋಡೆ ಅರ್ಧ ಇಟ್ಟಿಗೆಯದು. ಅರ್ಧ ಇಟ್ಟಿಗೆಯ ಗೋಡೆ ಬರೀ ಮರೆ, ಭಾರ ಹೊರುವುದಿಲ್ಲ ಎಂಬುದು ಗಾರೆಯವರೆಲ್ಲ ಕಲಿತ ಲೆಕ್ಕ. ಹಾಗೆಂದೇ ಎರಡು ದಿನದಲ್ಲಿ ಕೆಡವಿ, ಮೇಲೆ ಚಾವಣಿ ಹೊದಿಸಿ ನುಣ್ಣಗೆ ಮಾಡಿ ಬಂದಿದ್ದ. ಈ ಮನೆಯಲ್ಲಿ ಎರಡೂ ಕಡೆಯ ತೊಲೆಗಳು ಆ ತೆಳ್ಳನೆಯ ಗೋಡೆಯ ನೆತ್ತಿಯ ಮೇಲೇ ಬಂದು ಕೂಡುತ್ತಿದ್ದವು. ಆಗ ತೊಲೆಯ ಕೂಡು ಕಂಡಿತ್ತು, ಆದರೆ ಕಣ್ಣು ಗೋಡೆಯ ದಪ್ಪವನ್ನಷ್ಟೇ ನೋಡಿತ್ತು ಎಂದ. ಹೇಳುವಾಗ ಅವನು ತನ್ನ ಕೈಗಳನ್ನೇ ನೋಡುತ್ತಿದ್ದ.

ಅಣ್ಣ ತಂಗಿ ಇಬ್ಬರೂ ಅಂಗಡಿ ಕಡೆ ಹೊರಟರು. ನಿನ್ನನ್ನು ಅದೇ ನೆಲದ ಮೇಲೆ ಮಲಗಿಸುತ್ತಿದ್ದೆನಲ್ಲ ಎಂದು ಅಣ್ಣ ದಾರಿಯಲ್ಲಿ ಅಂದ.

"ನೀನು ಗೋಡೆ ತೆಗೆದೆ, ನಾನು ಪರದೆ ಇಳಿಸಿದೆ," ಎಂದಳು ಉಲ್ಟಾ ಅಕ್ಕ. "ಇಬ್ರೂ ಹೇಳಿದ್ದನ್ನ ಮಾಡಿಕೊಟ್ವಿ, ಯಾಕೆ ಅಂತ ಕೇಳ್ಲಿಲ್ಲ. ಇನ್ಮೇಲೆ ಕೇಳೋಣ."

ವರದಿ ಕೈಗೆ ಬಂದ ದಿನವೇ ಅದನ್ನು ಯಜಮಾನರ ಮುಂದಿಟ್ಟು ಅವಳು ಹೇಳಿದ್ದಿಷ್ಟು: ಮನೆ ತನಗೆ ಬೇಕು. ಆದರೆ ಮೊದಲು ತೊಲೆಗಳ ಕೆಳಗೆ ಉಕ್ಕಿನ ತೊಲೆ ಕೂರಿಸಿ, ಗೋಡೆ ಕಟ್ಟಿ, ಮನೆಯನ್ನು ಕಾಲ ಮೇಲೆ ನಿಲ್ಲಿಸಿ ಕೊಡಬೇಕು. ಯಜಮಾನರು ಕನ್ನಡಕ ತೆಗೆದು ಒರೆಸಿದರು. ಬೇರೆ ಗಿರಾಕಿ ಸಿಕ್ಕಿದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ, ಅವರಿಗೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ ಎಂದರು.

"ನೀನಂತೂ ಕೊಳ್ತಿಲ್ಲ. ಆ ಕಾಗದ ಇಲ್ಲಿ ಕೊಟ್ಟು ಸುಮ್ನಿದ್ಬಿಡಮ್ಮ."

"ಕಾಗದ ನಾನು ಮಾಡ್ಸಿದ್ದು ಸಾರ್. ನನ್ನ ಅಂಗಡೀಲೇ ಇರತ್ತೆ. ಯಾರು ಕೇಳಿದ್ರೂ ಓದೋಕೆ ಕೊಡ್ತೀನಿ."

ಅವರು ಗದರಿದರು, ಬೀದಿಯಲ್ಲಿ ಹೇಗೆ ಅಂಗಡಿ ನಡೆಸುತ್ತೀಯೋ ನೋಡುತ್ತೇನೆ ಎಂದರು. ನಿಮ್ಮ ಕೋಟಿನ ತೋಳು ಹರಿದಾಗ ಬನ್ನಿ, ಆಗಲೂ ತೆರೆದಿರುತ್ತದೆ ಎಂದು ಹೇಳಿ ಅವಳು ಎದ್ದು ಬಂದಳು. ಅಂಗಡಿಗೆ ಬಂದು ಯಂತ್ರದ ಮುಂದೆ ಕೂತ ಮೇಲೆ ಮಾತ್ರ ಅತ್ತಳು. ಕಿಟಕಿಯ ಆ ಬೆಳಕು ಬೇರೆಯವರ ಪಾಲಾಯಿತಲ್ಲ ಎಂಬ ಸಂಕಟ ಸಣ್ಣದಾಗಿರಲಿಲ್ಲ.

ಅವಳು ಯಾರಿಗೂ ಹೇಳುವ ಅಗತ್ಯವೇ ಬೀಳಲಿಲ್ಲ. ಮರುದಿನ ಅಣ್ಣ ಒಗೆದ ಅಂಗಿ ತೊಟ್ಟು ಆ ಗಂಡ ಹೆಂಡತಿಯ ಮನೆಗೆ ಹೋದ. ಅವರಿಗೊಂದು ಕೂಸಿತ್ತು. ಕೂಸನ್ನು ಯಾವ ಕೋಣೆಯಲ್ಲಿ ಮಲಗಿಸಬೇಕೆಂದಿದ್ದೀರಿ ಎಂದು ಕೇಳಿದ. ಮಹಡಿಯ ದೊಡ್ಡ ಕೋಣೆ ಎಂದರು. ಅದರ ಕೆಳಗಿನ ಗೋಡೆ ಒಡೆದವನು ನಾನು, ನನ್ನದು ತಪ್ಪಾಯಿತು ಎಂದು ನಿಂತಲ್ಲೇ ಹೇಳಿದ. ಅವರು ಅಂಗಡಿಗೆ ಬಂದು ವರದಿ ಓದಿದರು, ಮನೆ ಬೇಡವೆಂದರು. ಊರಿನಲ್ಲಿ ನಲವತ್ತಮೂರು ವರ್ಷ ಗಳಿಸಿದ ಹೆಸರನ್ನು ತಾನೇ ಕೈಯಾರೆ ಕಳೆದುಕೊಂಡು ಬಂದೆಯಲ್ಲ ಎಂದು ಅತ್ತಿಗೆ ಕೂಗಾಡಿದಳು. ಅಣ್ಣ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡು ಎದ್ದ.

ಬೀದಿಗೆಲ್ಲ ಗೊತ್ತಾದ ಮೇಲೆ ಯಜಮಾನರಿಗೆ ರಿಪೇರಿಯ ಹೊರತು ದಾರಿ ಉಳಿಯಲಿಲ್ಲ. ಇಂಜಿನಿಯರಮ್ಮ ನಕ್ಷೆ ಕೊಟ್ಟಳು. ಕೆಲಸಕ್ಕೆ ನಿಂತವನು ಅಣ್ಣನೇ. ಕೂಲಿ ಮುಟ್ಟುವುದಿಲ್ಲ ಎಂದು ಹೇಳಿಯೇ ನಿಂತ. ಜಾಕಿ ಇಟ್ಟು ತೊಲೆಗಳನ್ನು ದಿನಕ್ಕೆ ಕೂದಲೆಳೆಯಷ್ಟೇ ಎತ್ತುತ್ತಾ, ಉಕ್ಕು ಕೂರಿಸಿ, ಗೋಡೆ ಕಟ್ಟಿ ಮುಗಿಸುವಷ್ಟರಲ್ಲಿ ಎರಡು ತಿಂಗಳು ಕಳೆದವು. ಒಂದು ಸಂಜೆ ಯಜಮಾನರು ಉಲ್ಟಾ ಅಕ್ಕನ ಅಂಗಡಿಗೆ ಬಂದರು. ಅಣ್ಣ ಮೂಲೆಯ ಸ್ಟೂಲಿನ ಮೇಲೆ ಚಹಾ ಕುಡಿಯುತ್ತಿದ್ದ. ಈಗಲಾದರೂ ಮನೆ ತೆಗೆದುಕೋ, ನಿನ್ನ ಅಣ್ಣನೇ ಕಟ್ಟಿದ ಗೋಡೆ, ಇನ್ನು ನೋಡುವುದೇನಿದೆ ಎಂದರು. ಉಲ್ಟಾ ಅಕ್ಕ ಅಣ್ಣನ ಮುಖ ನೋಡಿದಳು. ಒಂದು ಮಾತಿಗೆ ಎದ್ದು ಹೋಗಿದ್ದ ಮನುಷ್ಯ ಇವನೇ.

"ಇಂಜಿನಿಯರಮ್ಮನ್ನ ಕರಿ," ಎಂದ ಅಣ್ಣ. "ನಾನೇ ಏಣಿ ಹಿಡೀತೀನಿ."

ಇಂಜಿನಿಯರಮ್ಮ ಬಂದಳು, ಮತ್ತೆ ಅರ್ಧ ದಿನ; ಯಜಮಾನರೂ ಜೊತೆಗೇ ಸುತ್ತಿದರು. ಅಣ್ಣನ ಹೊಸ ಗೋಡೆಗೆ ಮೇಲಿನಿಂದ ಕೆಳಗೆ ಸುತ್ತಿಗೆ ತಟ್ಟಿದಳು. ತಟ್ಟಿದಾಗಲೆಲ್ಲ ಅಣ್ಣನ ಕಣ್ಣು ಒಮ್ಮೆ ಮುಚ್ಚಿ ತೆರೆಯುತ್ತಿತ್ತು. ಮಹಡಿಯಲ್ಲಿ ಪರದೆಯ ನಡುವಿನ ತುದಿ ಈಗ ನೆಲದ ಮೇಲೆ ಮಡಿಚಿ ಬಿದ್ದಿತ್ತು. ಉಲ್ಟಾ ಅಕ್ಕ ಅದರ ಪಕ್ಕದಲ್ಲಿ ನಿಂತಿದ್ದಳು. ಇಂಜಿನಿಯರಮ್ಮ ಗೋಲಿಯನ್ನು ಕಿಟಕಿಯ ಬಳಿ ಇಟ್ಟು ಕೈ ತೆಗೆದಳು. ಗೋಲಿ ಇಟ್ಟಲ್ಲೇ ನಿಂತಿತು. ಆಯಿತು ಎಂದು ಅವಳು ಅದನ್ನು ಎತ್ತಿಕೊಳ್ಳಲು ಹೋದಾಗ ಅಣ್ಣ ಕೈ ಅಡ್ಡ ಹಿಡಿದ.

"ಆ ಮೂಲೇಲೂ ಇಡಿ."

ಆ ಮೂಲೆಯಲ್ಲೂ ಇಟ್ಟಳು, ಇನ್ನೊಂದು ಮೂಲೆಯಲ್ಲೂ ಇಟ್ಟಳು. ಕೊನೆಗೆ ಅಣ್ಣನೇ ಗೋಲಿ ಇಸಿದುಕೊಂಡು ಮಂಡಿಯೂರಿ, ಸರಿಯಾಗಿ ತಾನು ಒಡೆದಿದ್ದ ಗೋಡೆಯ ಮೇಲ್ಭಾಗಕ್ಕೆ, ಕೋಣೆಯ ನಡುವೆ ಇಟ್ಟ. ಅಲ್ಲೂ ಗೋಲಿ ಕದಲಲಿಲ್ಲ; ಅವನು ಅದನ್ನೇ ನೋಡುತ್ತಾ ಕೂತ. ಉಲ್ಟಾ ಅಕ್ಕ ಸೊಂಟದ ಚೀಲದಿಂದ ಕತ್ತರಿ ತೆಗೆದು, ಅವನ ಪಕ್ಕದಲ್ಲೇ ಕೂತು, ಪರದೆಯ ಅಂಚಿನಿಂದ ತನ್ನದೇ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ಯಜಮಾನ್ರೇ, ಮನೆ ಪತ್ರ ಬರೆಸಿ," ಎಂದಳು ತಲೆ ಎತ್ತದೆ. "ಬರೆಸಿದ್ಮೇಲೆ ಅದನ್ನೂ ಒಂದ್ಸಲ ತಿರುಗಿಸಿ ನೋಡ್ತೀನಿ."