ಅಜ್ಜಿಯ ಹರಿದ ಕಿವಿ

ಆಗೆಲ್ಲ ಅವರೆಕಾಯಿ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಬೇರೆ ಸಾರಿನ ಮಾತೇ ಇರುತ್ತಿರಲಿಲ್ಲ. ಹೊಲದಿಂದ ಕಿತ್ತು ತಂದ ಕಾಯಿ ಜಗಲಿಯ ಮೇಲೆ ರಾಶಿ ಬೀಳುತ್ತಿತ್ತು. ಬಿಡಿಸಿದವರ ಬೆರಳಿಗೆ ಸೊಗಡು ಹತ್ತಿದರೆ ಎರಡು ದಿನ ತೊಳೆದರೂ ಹೋಗುತ್ತಿರಲಿಲ್ಲ. ಸ್ಕೂಲಿನಲ್ಲಿ ಕೈ ಮೂಸಿ ನೋಡಿಯೇ ಯಾರ ಮನೆಯಲ್ಲಿ ಹಿತಕಿದವರೆ ಸಾರು ಎಂದು ಹೇಳಿಬಿಡುತ್ತಿದ್ದೆವು.

ಅಂಥ ಒಂದು ಅವರೆಕಾಲದಲ್ಲಿ, ನನಗೆ ಒಂಬತ್ತು ವರ್ಷವಿದ್ದಾಗ, ಅಪ್ಪನ ಗೆಳೆಯರಾದ ಅರಕಲಗೂಡಿನ ಡ್ರಾಯಿಂಗ್ ಮೇಷ್ಟ್ರು ನಮ್ಮಜ್ಜಿಯ ಚಿತ್ರ ಬರೆಯುತ್ತೇನೆಂದು ಬಂದರು. ಪ್ರತಿ ಭಾನುವಾರ ಕೊಣನೂರಿಗೆ ಹೋಗುವ ಮೊದಲ ಬಸ್ಸಿಗೆ ಬಂದಿಳಿದು ಜಗಲಿಯಲ್ಲಿ ಸ್ಟ್ಯಾಂಡ್ ಹೂಡುತ್ತಿದ್ದರು. ಅಜ್ಜಿಗೆ ಕೈ ಕಟ್ಟಿ ಕೂತು ಗೊತ್ತಿಲ್ಲ. ನೆನೆಸಿದ ಅವರೆಕಾಳಿನ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಸಿಪ್ಪೆಯಿಂದ ಬೇಳೆ ಹಿತಕುತ್ತಲೇ ಕೂತಳು. "ನೀವ್ ಬರ್ಯೋದು ಮೊಕ ತಾನೆ? ಕೈ ನಂದು" ಅಂದಳು.

ಅವಳ ಬಲಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಹುಟ್ಟಿದಾಗಿನಿಂದ ನೋಡುತ್ತಿದ್ದ ನಾನು ಅಜ್ಜಿಯರ ಕಿವಿ ಇರುವುದೇ ಹಾಗೆ ಎಂದುಕೊಂಡಿದ್ದೆ. ಮೇಷ್ಟ್ರು ಮಾತ್ರ ಮೊದಲ ದಿನವೇ ಗಮನಿಸಿದರು.

"ಒಸಿ ಈ ಕಡೆ ತಿರುಗಿ ಕೂತ್ಕೊಳಿ ಅಮ್ಮ, ಆ ಕಿವಿ ಕಾಣಲ್ಲ. ಮೆಳ್ಳಗಣ್ಣಿನವ್ರು ಬಂದ್ರೆ ಕೈಗೊಂದು ಪುಸ್ತಕ ಕೊಟ್ಟು ತಲೆ ತಗ್ಗಿಸಿಬಿಡ್ತೀನಿ. ಸಿಡುಬಿನ ಕಲೆ ಇದ್ರೆ ಆ ಕೆನ್ನೆ ನೆರಳಿಗೆ. ಸುಳ್ಳು ಬರೆಯೋದು ಬೇಡ, ನಿಜಾನ ಪಕ್ಕಕ್ಕೆ ತಿರುಗಿಸಿದ್ರಾಯ್ತು."

ಅಜ್ಜಿ ತಿರುಗಲಿಲ್ಲ. "ಇರೋದ್ನ ಇದ್ದಂಗೆ ಬರೀರಿ ಸಾ. ಇದು ಇವ್ಳು ಮಾಡಿದ್ ಕೆಲ್ಸ" ಎಂದು ಗಲ್ಲದಲ್ಲೇ ನನ್ನತ್ತ ತೋರಿಸಿದಳು. "ಎಂಟ್ ತಿಂಗ್ಳ ಕೂಸು. ವಾಲೆ ಇಡ್ಕೊಂಡು ನೇತಾಡ್ಬುಟ್ಲು. ರಕ್ತ ಸೋರಿದ್ರೂ ಬುಡ್ನಿಲ್ಲ. ಅದೇನ್ ಬಿಗಿ ಅಂತೀರಿ ಆ ಕೈ!"

ಮೇಷ್ಟ್ರು, ಅಪ್ಪ ಇಬ್ಬರೂ ನಕ್ಕರು. ಅಲ್ಲೇ ಕೂತು ಆಡುತ್ತಿದ್ದ ನಾನು ಚೌಕಾಬಾರದ ಕವಡೆಗಳನ್ನು ಬಿಟ್ಟು ಕೊಟ್ಟಿಗೆಗೆ ಹೋಗಿ ಅತ್ತೆ. ಅಜ್ಜಿಗೆ ಅಷ್ಟು ನೋವು ಕೊಟ್ಟವಳು ನಾನೇ. ಇನ್ನು ಅದು ಗೋಡೆಗೇರುತ್ತದೆ, ಬಂದವರೆಲ್ಲ ಕೇಳುತ್ತಾರೆ, ಪ್ರತಿಸಲವೂ ಅಜ್ಜಿ ಗಲ್ಲ ಎತ್ತಿ ನನ್ನನ್ನು ತೋರಿಸುತ್ತಾಳೆ. ಆ ನಾಚಿಕೆಯನ್ನು ತಡೆಯಲು ನನ್ನಿಂದಾಗಲಿಲ್ಲ.

ಮೂರನೇ ಭಾನುವಾರ ಚಿತ್ರ ಮುಗಿಯಿತು. ಹಾಲೆಯ ಎರಡು ತುದಿಗಳನ್ನೂ ಮೇಷ್ಟ್ರು ಬಿಡದೆ ಬರೆದಿದ್ದರು. ಎಲ್ಲರೂ ಮುದ್ದೆಗೆ ಕೂತಾಗ ನಾನು ಹೊಟ್ಟೆನೋವೆಂದು ಹೇಳಿ ಜಗಲಿಗೆ ಬಂದೆ. ಬಣ್ಣ ಇನ್ನೂ ಹಸಿಯಿತ್ತು, ಎಣ್ಣೆಯ ಘಾಟು ಬೇರೆ. ಸಣ್ಣ ಬ್ರಷ್ ಎತ್ತಿಕೊಂಡು ಕೆನ್ನೆಯ ಬಣ್ಣವನ್ನೇ ಮೆತ್ತಿ ಸೀಳು ಮುಚ್ಚಿದೆ. ಅದರ ಮೇಲೆ ಹಳದಿಯಲ್ಲಿ ಒಂದು ಓಲೆಯನ್ನೂ ಇಟ್ಟೆ. ಓಲೆ ಹೋಗಿ ಉದ್ದಿನವಡೆಯಾಯಿತು.

ಊಟ ಮುಗಿಸಿ ಬಂದ ಮೇಷ್ಟ್ರ ಮುಖ ಕಪ್ಪಿಟ್ಟಿತು. "ಯಾರು ಮುಟ್ಟಿದ್ದು ಇದನ್ನ? ಹಸಿ ಇದೆ, ಒರೆಸಿ ಮತ್ತೆ ಬರೆದ್ಬಿಡ್ತೀನಿ" ಎಂದು ಬಟ್ಟೆ ತೆಗೆದುಕೊಂಡರು.

ಅಜ್ಜಿ ಚಿತ್ರವನ್ನು ನೋಡಿದಳು. ಹಳದಿ ಹತ್ತಿದ ನನ್ನ ಬೆರಳನ್ನು ನೋಡಿದಳು. ಆಮೇಲೆ ಮೇಷ್ಟ್ರ ಕೈ ತಡೆದಳು.

"ಬುಡಿ ಸಾ. ನಮ್ ಕೂಸು ರಿಪೇರಿ ಮಾಡೈತೆ, ಅಂಗೇ ಇರ್ಲಿ."

"ಇದ್ದಂಗೆ ಬರೀರಿ ಅಂದವ್ರು ನೀವೇ ಅಲ್ವೇನಮ್ಮ!"

"ಅಂದಿದ್ದೆ. ಅವ್ಳು ಇದ್ಕೋಸ್ಕರ ಉಣ್ಣೋದೇ ಬುಟ್ಟವ್ಳೆ ಸಾ."

ಅಷ್ಟು ಹೇಳಿ ನನ್ನನ್ನು ಒಳಗೆ ಕರೆದೊಯ್ದು, ಹಿತಕಿದವರೆ ಸಾರಿನಲ್ಲಿ ಮುದ್ದೆ ಅದ್ದಿ ತುತ್ತು ಕೊಟ್ಟಳು. ನಾನು ಗೆದ್ದವಳಂತೆ ನುಂಗಿದೆ.

ಈಗ ಅಜ್ಜಿಯಿಲ್ಲ, ಮೇಷ್ಟ್ರೂ ಇಲ್ಲ. ಚಿತ್ರ ಹಾಸನದ ನಮ್ಮ ಮನೆಯಲ್ಲಿದೆ. ಆ ಹರಿದ ಕಿವಿ ಕಾಣುವ ಫೋಟೋ ಒಂದೂ ಇಲ್ಲ. ಸ್ಟುಡಿಯೋದಲ್ಲಿ ತೆಗೆಸಿದ ಒಂದರಲ್ಲಿ ಸೆರಗು ಮುಚ್ಚಿದೆ. ಮಗಳಿಗೆ ಈ ಕತೆ ಹೇಳಿದರೆ "ಕಿವಿ ಚೆನ್ನಾಗೇ ಇದೆಯಲ್ಲಮ್ಮ" ಅನ್ನುತ್ತಾಳೆ.

ಎಂಟು ತಿಂಗಳ ಕೂಸಾಗಿ ನಾನು ಅಜ್ಜಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೆ ಎಂಬುದಕ್ಕೆ ಇದ್ದ ಗುರುತು ಅದೊಂದೇ. ಅವಳು ಅದನ್ನು ಉಳಿಸಿಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. ಈಗ ಎಷ್ಟು ನೆನೆದರೂ ಆ ಹರಿದ ಹಾಲೆ ಕಣ್ಣಿಗೆ ಬರುವುದಿಲ್ಲ. ನಾನು ಬರೆದ ವಡೆಯೇ ಬರುತ್ತದೆ.