ಮಗಳ ಸರ್ವರ್‌ಗೆ ಸುರಕ್ಷಿತ ಸಂಪರ್ಕ

ಮಿತ್ರರೇ, ಎರಡು ವರ್ಷಗಳ ಹಿಂದೆ ತೀರಿಕೊಂಡ ನನ್ನ ಮಗಳ ಧ್ವನಿಮುದ್ರಣಗಳೆಲ್ಲ ಉಳಿದಿದ್ದುದು ದೂರದ ಸರ್ವರೊಂದರಲ್ಲಿ. ಅದನ್ನು ಇಂದು ಸಂಜೆ ಮುಚ್ಚುವವರಿದ್ದರು. ಅದರ ಪಾಸ್‌ವರ್ಡ್ ಇದ್ದುದು ಅವಳ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಅದನ್ನು ಬೇಗೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗುಂಡ್ಲುಪೇಟೆಯ ರಿಪೇರಿ ಅಂಗಡಿಗೆ ತಂದೆ. ಸಂಪರ್ಕಿಸಹೊರಟಾಗಲೆಲ್ಲ ಅದು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಈ ಸರ್ವರಿನ ಗುರುತಿನ ಪ್ರಮಾಣಪತ್ರ ಮಾನ್ಯವಲ್ಲ. ಆದರೂ ನಂಬುವಿರಾ?"

"ಊಂ ಅಂತ ಒತ್ಬುಡಿ ಸಾ, ಯಾನೂ ಆಗಲ್ಲ," ಎಂದ ಅಂಗಡಿಯ ಮಾದೇವ.

"ಗುರುತು ಖಚಿತವಾಗದವರಿಗೆ ಮಗಳ ಪಾಸ್‌ವರ್ಡ್ ಒಪ್ಪಿಸುವುದೇ? ನಡುವೆ ಯಾರು ಕುಳಿತು ಓದುತ್ತಿರುವರೋ ನೀನು ಬಲ್ಲೆಯಾ?" ಎಂದು ಆರಂಭಿಸಿದವನು, ಕಾಲೇಜಿನ ಚರ್ಚಾಸ್ಪರ್ಧೆಯ ಠೀವಿಯಲ್ಲಿ ಅರ್ಧ ಗಂಟೆ ಮಾತನಾಡಿದೆ.

ನಾನು ನೀರು ಕುಡಿಯಲು ನಿಲ್ಲಿಸಿದಾಗ ಮಾದೇವ ಪರದೆಯ ಮೂಲೆಗೆ ಬೆರಳಿಟ್ಟ. "ಸಾ, ಇದ್ರ ತಾರೀಕ್ ನೋಡಿ. ಒಳ್ಗಿನ ಸೆಲ್ ಮುಗ್ದು ಏಳ್ ವರ್ಸ ಹಿಂದ್ಕ ಓಗದ. ಆ ಪತ್ರ ಇನ್ನೂ ಉಟ್ಟೇ ಇಲ್ಲ ಅಂತ ಕಂಪ್ಯೂಟ್ರು ಅನ್ಕಂಡದ."

ಹೊಸ ಸೆಲ್ ಹಾಕಿ, ಇಂದಿನ ತಾರೀಖು ತುಂಬಿದ. ಯಾವ ಪ್ರಶ್ನೆಯೂ ಬರಲಿಲ್ಲ. ಬೀಗದ ಚಿಹ್ನೆ ಮೂಡಿ ಸಂಪರ್ಕವಾಯಿತು. ಮಧ್ಯಾಹ್ನ ನಾಲ್ಕು ಗಂಟೆಯೊಳಗೆ ಎಲ್ಲ ಕಡತಗಳೂ ಸುರಕ್ಷಿತವಾಗಿ ಇಳಿದವು. ಬಹುದಿನಗಳ ಮೇಲೆ ನಿರಾಳವಾಗಿ ಉಸಿರಾಡಿದೆ.

ಪರೀಕ್ಷಿಸಲೆಂದು ಒಂದನ್ನು ತೆರೆದೆ. ಯಾರದೋ ಜೊತೆ ನಾನು ವಾದಿಸುತ್ತಿದ್ದ ಸದ್ದಿನ ಮೇಲೆ ಮಗಳ ದನಿ ಕೇಳಿತು: "ಅಪ್ಪಾಜಿ, ಸಾಕು ಬನ್ನಿ, ಮುದ್ದೆ ಆರೋಯ್ತದ."

"ಅಕ್ಕ ಸರಿಯಾಗೇ ಏಳವ್ರ ಸಾ," ಎಂದ ಮಾದೇವ.

ಇಬ್ಬರೂ ಒಂದೇ ಪಕ್ಷ ಸೇರಿದ ಮೇಲೆ ನನ್ನ ಸಮಯ ಮುಗಿಯಿತೆಂದು ಸಂತೋಷದಿಂದಲೇ ಬಾಯಿ ಮುಚ್ಚಿಕೊಂಡೆ.