ಒಂಬತ್ತನೆಯ ಸ್ಥಾನ

ಪೆನ್ಸಿಲ್ವೇನಿಯಾದ ನಮ್ಮ ಗಣಿಯೂರಿನಲ್ಲಿ ಸಿನಿಮಾ ವಿಷಯಕ್ಕೆ ವರ್ನಾ ಪಾಸ್ಕೊ ಜೊತೆ ವಾದಕ್ಕಿಳಿದು ಗೆದ್ದವರಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ ಅವಳದು. ಗಂಡ ಬಿಟ್ಟುಹೋದ ಮೇಲೆ ಅವಳಿಗೆ ಉಳಿದದ್ದು ಮಗ ಡೆಲ್, ಮತ್ತೆ ಲೈಬ್ರರಿಯ ನೆಲಮಾಳಿಗೆಯಲ್ಲಿ ಸೇರುವ ನಮ್ಮ ಸಿನಿಮಾ ಬಳಗ. ಪ್ರತಿ ಜನವರಿಯಲ್ಲೂ ಹಿಂದಿನ ವರ್ಷ ನೋಡಿದ ಕಥಾಚಿತ್ರ, ಸಾಕ್ಷ್ಯಚಿತ್ರ ಎಲ್ಲವನ್ನೂ ಒಟ್ಟಿಗೆ ತೂಗಿ, ಮೆಚ್ಚಿದ ಹತ್ತನ್ನು ಆರಿಸಿ ಲೈಬ್ರರಿ ಬಾಗಿಲಿಗೆ ಅಂಟಿಸುತ್ತಿದ್ದೆವು. ಯಾರಾದರೂ ಕಣ್ಣೊರೆಸಿಕೊಳ್ಳುತ್ತಾ ಒಂದು ಚಿತ್ರವನ್ನು ಹೊಗಳಿದರೆ ವರ್ನಾ ಬಿಡುತ್ತಿರಲಿಲ್ಲ: "ಈರುಳ್ಳಿ ಹೆಚ್ಚಿದ್ರೂ ಕಣ್ಣಲ್ಲಿ ನೀರು ಬರುತ್ತೆ. ಅದಕ್ಕೂ ನಂಬರ್ ಕೊಡ್ತೀರಾ?"

ಆ ವರ್ಷ ನಮ್ಮೂರಿನ ಮೇಲೆಯೇ ಒಂದು ಸಾಕ್ಷ್ಯಚಿತ್ರ ಬಂತು. ಮುಚ್ಚಿದ ಗಣಿಗಳು, ನೋವಿನ ಮಾತ್ರೆಗಳ ಚಟಕ್ಕೆ ಬಿದ್ದ ಹುಡುಗರು. ಅವರಲ್ಲಿ ಡೆಲ್ ಕೂಡ ಇದ್ದ. ಜಗಲಿಯ ಮೇಲೆ ಕೂತು ನಗುತ್ತಾ, "ಚಳಿ ಒಂದು ಕಳೀಲಿ, ಆಸ್ಪತ್ರೆಗೆ ಸೇರ್ಕೋತೀನಿ" ಎನ್ನುತ್ತಾನೆ. ಚಿತ್ರ ನಮ್ಮೂರಿಗೆ ಬರುವ ಹೊತ್ತಿಗೆ ಡೆಲ್‌ನನ್ನು ಮಣ್ಣು ಮಾಡಿಯಾಗಿತ್ತು.

ಜನವರಿ ಸಭೆಗೆ ವರ್ನಾ ಬಂದಳು. ಬಳಗದ ಹಿರಿಯರೂ ಅವಳಿಗೆ ಒಂದು ಕಾಲಕ್ಕೆ ಪಾಠ ಹೇಳಿದವರೂ ಆದ ಹಾರ್ಲನ್ ಮೇಷ್ಟ್ರು ಮೆಲ್ಲಗೆ ಹೇಳಿದರು: "ಮೊದಲನೇದು ನಮ್ಮೂರಿನ ಸಿನಿಮಾನೇ, ಚರ್ಚೆ ಬೇಡ, ಅಲ್ವಾ?" ವರ್ನಾ ಬಿಟ್ಟು ಉಳಿದವರೆಲ್ಲ ಕೈ ಎತ್ತಿದೆವು.

"ಯಾಕೆ ಬೇಡ ಮೇಷ್ಟ್ರೇ?" ವರ್ನಾಳ ದನಿ ಗಟ್ಟಿಯಾಗಿತ್ತು. "ಪ್ರತಿ ಸಲ ಬೇರೆಯವರ ಸಿನಿಮಾ ಸಿಗಿದು ಹಾಕ್ತೀವಲ್ಲ, ಇದನ್ನೂ ಹಾಕಿ."

ಎಲ್ಲರೂ ಮೇಷ್ಟ್ರ ಕಡೆ ನೋಡಿದೆವು.

"ಸರಿ, ನಾನೇ ಹೇಳ್ತೀನಿ. ಅವನ ಹಾಳಾದ ಹಲ್ಲು ತೋರಿಸಿದ್ರು. ಚಳಿಗಾಲ ಪೂರ್ತಿ ಅಕ್ಕಪಕ್ಕದ ಮುದುಕರ ಮನೆ ಒಲೆ ರಿಪೇರಿ ಮಾಡ್ಕೊಡ್ತಿದ್ದ, ಅದೆಲ್ಲಿ? ಆ ಜಗಲಿ ಕೂಡ ನಮ್ಮದಲ್ಲ. ಪಾಳು ಮನೆ ಚೆನ್ನಾಗಿ ಕಾಣುತ್ತೆ ಅಂತ ಅಲ್ಲಿ ಕೂರಿಸಿದ್ರು. ಒಂಬತ್ತನೇದು. ಅದಕ್ಕಿಂತ ಮೇಲಲ್ಲ."

"ವರ್ನಾ, ನಿನ್ನ ಸಂಕಟ ನಮಗೆ ಗೊತ್ತು..." ಎಂದರು ಮೇಷ್ಟ್ರು.

"ಸಂಕಟದ ಮಾತಲ್ಲ ಇದು. ಸಿನಿಮಾ ಮಾತು."

ಆದರೆ ಒಬ್ಬರ ಕೈಯೂ ಕೆಳಗಿಳಿಯಲಿಲ್ಲ. ಮರುದಿನ ಬಾಗಿಲ ಮೇಲೆ ಅದೇ ಮೊದಲನೆಯದಾಗಿ ಅಂಟಿಕೊಂಡಿತ್ತು.

ಅಲ್ಲಿಗೆ ಅವಳು ಬಳಗಕ್ಕೆ ಬರುವುದನ್ನು ನಿಲ್ಲಿಸಿದಳು. ವಸಂತದಲ್ಲಿ ಎಲೆಕೋಸಿನ ಸಾರು ಹಿಡಿದು ಅವಳ ಮನೆಗೆ ಹೋದೆ. ಟೀವಿಯಲ್ಲಿ ಹವಾಮಾನ ವರದಿ ಓಡುತ್ತಿತ್ತು.

"ಹೊಸದೇನಾದ್ರೂ ನೋಡಿದ್ಯಾ?" ಎಂದೆ.

"ಆಗಲ್ಲ ಕಣೇ. ನಿಜವಾದ ಜನರ ಮುಖ ಬಂದ್ರೆ, ಇವನು ಇನ್ನೂ ಇದ್ದಾನೋ ಹೋದ್ನೋ ಅಂತ ಅನ್ಸುತ್ತೆ. ನಟರು ಬಂದ್ರೆ, ಸತ್ತವನು ಎದ್ದು ಮನೆಗೆ ಹೋಗ್ತಾನಲ್ಲ ಅಂತ ಮೈ ಉರಿಯುತ್ತೆ."

ವಾದಿಸುವವರಿಲ್ಲದೆ ಬಳಗ ಸಪ್ಪೆಯಾಯಿತು. ಮುಂದಿನ ಜನವರಿಗೆ ಪಟ್ಟಿ ಮಾಡುವಷ್ಟು ಜನ ಸೇರಲಿಲ್ಲ. ವರ್ನಾ ಈಗಲೂ ಶಾಲೆಯಲ್ಲಿ ಊಟ ಬಡಿಸುತ್ತಾಳೆ. ಎದುರಿಗೆ ಸಿಕ್ಕರೆ ಹಿಮದ ಬಗ್ಗೆ ಒಂದು ಮಾತಾಡುತ್ತಾಳೆ, ಅಷ್ಟೇ.